ಮಕ್ಳು ತಿಣುಕ್ಲಿ, ಆದ್ರೆ ಲೆಕ್ಕದಲ್ಲಿ ತಿಣುಕ್ಲಿ: ಹೈಸ್ಕೂಲ್ ಬೀಜಗಣಿತ ಕಲಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂಟನೇ ಕ್ಲಾಸಿನ ಹುಡುಗಿಯೊಬ್ಳು ಬೋರ್ಡಿನ ಹತ್ರ ಬಂದು 3 ಎಕ್ಸ್ = 12 ಅಂತ ಇದ್ದದ್ರ ಕೆಳಗೆ ಎಕ್ಸ್ = 9 ಅಂತ ಬರೆದಳು. ಹೇಗೆ ಬಂತು ಅಂತ ಕೇಳಿದೆ. "ಮೂರು ಆಚೆ ಹೋಯ್ತಲ್ಲ ಟೀಚರ್, ಆಚೆ ಹೋದ್ರೆ ಮೈನಸ್ ಆಗ್ತದೆ" ಅಂತ ಧೈರ್ಯದಲ್ಲೇ ಹೇಳಿದಳು. ಆ ಮಾತು ಅವಳಿಗೆ ಹೇಳಿಕೊಟ್ಟದ್ದು ನಾನೇ. ಹದಿನೈದು ದಿನ ಹಿಂದೆ ಎಕ್ಸ್ + 3 = 12 ಮಾಡುವಾಗ "ಆಚೆ ಹೋದ್ರೆ ಚಿಹ್ನೆ ಬದಲಾಗ್ತದೆ" ಅಂತ ಹೇಳಿ, ಹತ್ತು ಲೆಕ್ಕ ಬರೆಸಿ, ಎಲ್ಲರದ್ದೂ ಸರಿ ಬಂದದ್ದು ನೋಡಿ ಖುಷಿಪಟ್ಟಿದ್ದೆ. ಅವಳ ಹತ್ರ ಇದ್ದದ್ದು ಒಂದು ಮಂತ್ರ ಮಾತ್ರ. ಸಮೀಕರಣ ಅಂದ್ರೆ ಎಂತ ಅಂತ ಅವಳು ಸ್ವಂತ ಯೋಚನೆ ಮಾಡುವ ಒಂದೇ ಒಂದು ಸಂದರ್ಭವನ್ನೂ ನಾನು ಕೊಟ್ಟಿರ್ಲಿಲ್ಲ.

ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮೀಡಿಯಂ ಮಕ್ಳಿಗೆ ಗಣಿತ ಕಲಿಸುವವಳು ನಾನು. ಶುರುವಿನ ಕೆಲವು ವರ್ಷ ಎಲ್ಲಾ ಲೆಕ್ಕವನ್ನೂ ನಾನೇ ಬೋರ್ಡಲ್ಲಿ ಚಂದ ಮಾಡಿ ತೋರಿಸ್ತಿದ್ದೆ, ಮಕ್ಳು ಚಂದ ಕಾಪಿ ಮಾಡ್ತಿದ್ರು, ಪರೀಕ್ಷೆಯಲ್ಲಿ ಅದೇ ಲೆಕ್ಕ ಸ್ವಲ್ಪ ತಿರುಗಿಸಿ ಬಂದ್ರೆ ಪೇಪರ್ ಖಾಲಿ. ನಿಧಾನಕ್ಕೆ ರೀತಿ ಬದಲಾಯಿಸಿದೆ. ಹೇಗೆ ಅಂತ ಸ್ಟೆಪ್ ಸ್ಟೆಪ್ಪಾಗಿ ಬರೀತೇನೆ, ಟ್ಯೂಷನ್ ಹೇಳಿಕೊಡುವವರಿಗೆ ಮತ್ತೆ ಮನೆಯಲ್ಲಿ ಮಕ್ಳ ಹತ್ರ ಕೂತುಕೊಳ್ಳುವ ಅಪ್ಪ ಅಮ್ಮಂದಿರಿಗೂ ಉಪಯೋಗ ಆದೀತು.

ತಿಣುಕಾಟ ಅಂದ್ರೆ ಯಾವ ತಿಣುಕಾಟ

ಮಕ್ಳು ಸ್ವಂತ ಯೋಚನೆ ಮಾಡಿ, ತಿಣುಕಿ ಕಲಿಯುದಕ್ಕೆ ಶಿಕ್ಷಣದವರು ಪ್ರೊಡಕ್ಟಿವ್ ಸ್ಟ್ರಗಲ್ ಅಂತ ಹೇಳ್ತಾರೆ. 2007ರಲ್ಲಿ ಹೀಬರ್ಟ್ ಮತ್ತು ಗ್ರೌಸ್ ಅಂತ ಇಬ್ರು ಸಂಶೋಧಕರು ಗಣಿತ ಬೋಧನೆಯ ಸಂಶೋಧನೆಗಳನ್ನೆಲ್ಲ ಒಟ್ಟು ಮಾಡಿ ನೋಡಿ, ಅರ್ಥ ಆಗಿ ಕಲಿಯುವ ಕ್ಲಾಸುಗಳಲ್ಲಿ ಎರಡು ಸಂಗತಿ ಕಾಣ್ತದೆ ಅಂದ್ರು. ಒಂದು, ಗಣಿತದ ವಿಚಾರಗಳ ನಡುವಿನ ಸಂಬಂಧವನ್ನ ಅಲ್ಲಿ ಬಾಯಿ ಬಿಟ್ಟು ಮಾತಾಡ್ತಾರೆ, ಇನ್ನೊಂದು, ಮುಖ್ಯವಾದ ವಿಚಾರದ ಜೊತೆ ಮಕ್ಳು ಸ್ವಲ್ಪ ಗುದ್ದಾಡ್ತಾರೆ. ಗುದ್ದಾಟ ಅಂದ್ರೆ ಮಕ್ಳನ್ನ ಸತಾಯಿಸುದು ಅಂತ ಅವರು ಹೇಳಿದ್ದಲ್ಲ. ಮಗುವಿಗೆ ಕೈಗೆ ಸಿಕ್ಕೀತು ಅನ್ನುವಷ್ಟು ಹತ್ತಿರ ಇದ್ದು ಆದ್ರೆ ತಕ್ಷಣ ಹೊಳೆಯದ ವಿಚಾರಕ್ಕೆ ಹಾಕುವ ಶ್ರಮ ಅದು.

ನಾನು ನೋಡಿದ ಹಾಗೆ ನಮ್ಮ ಮಕ್ಳು ತಿಣುಕುದಕ್ಕೇನೂ ಕಡಿಮೆ ಇಲ್ಲ, ದಿನವೂ ತಿಣುಕ್ತಾರೆ. ಆದ್ರೆ ಎಲ್ಲಿ? ಪ್ರಶ್ನೆಯ ಕನ್ನಡ ಅರ್ಥ ಆಗದೆ ತಿಣುಕ್ತಾರೆ, ಟೀಚರ್ ಬೈತಾರೆ ಅಂತ ಹೆದರಿ ತಿಣುಕ್ತಾರೆ, ಹೋದ ವರ್ಷದ ಭಿನ್ನರಾಶಿ ಬಾರದೆ ತಿಣುಕ್ತಾರೆ. ಇದ್ರಲ್ಲಿ ಒಂದೂ ಬೀಜಗಣಿತ ಕಲಿಸುದಿಲ್ಲ. ಹಾಗಾಗಿ ಕಲಿಸುವವರ ಕೆಲಸ ಎರಡು ಕಡೆಯಿಂದ ಉಂಟು: ಉಪಯೋಗ ಇಲ್ಲದ ಕಷ್ಟವನ್ನ ದಾರಿಯಿಂದ ತೆಗೀಬೇಕು, ಉಪಯೋಗದ ಕಷ್ಟವನ್ನ ಹಾಗೇ ಬಿಡ್ಬೇಕು. ನಾವು ಹೆಚ್ಚಿನವರು ಮಾಡುದು ತಿರುಗಮುರುಗ. ಪ್ರಶ್ನೆ ಅರ್ಥ ಆಯ್ತಾ ಅಂತ ಕೇಳುದೇ ಇಲ್ಲ, ಸಮೀಕರಣ ಮಾತ್ರ ನಾವೇ ಬರೆದು ಕೊಡ್ತೇವೆ.

ಸ್ಟೆಪ್ 1: ಭಾಷೆಯ ಕಲ್ಲು ಮೊದ್ಲು ತೆಗೀರಿ

ಕಾಸರಗೋಡಿನ ಒಂದು ಕನ್ನಡ ಮೀಡಿಯಂ ಕ್ಲಾಸಲ್ಲಿ ಮನೆಮಾತು ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ತುಳು, ಮಲಯಾಳ, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಕನ್ನಡವೂ ಅಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ಪಾಠಪುಸ್ತಕ ಕೇರಳದ್ದೇ. ಅನುವಾದ ಆಗಿ ಬರುವ ವಾಕ್ಯ ಕೆಲವು ಸಲ ಎಷ್ಟು ಉದ್ದ ಇರ್ತದೆ ಅಂದ್ರೆ ಕೊನೆಗೆ ಬರುವಾಗ ಶುರು ಮರ್ತುಹೋಗಿರ್ತದೆ.

ಆದ್ರೆ ಇಲ್ಲಿ ಒಂದು ಜಾಗ್ರತೆ ಬೇಕು. "ಎರಡು ಕ್ರಮಾಗತ ಸಂಖ್ಯೆಗಳ ಮೊತ್ತ 47" ಅಂತ ಇದ್ರೆ "ಕ್ರಮಾಗತ" ಅನ್ನುದು ಬರೇ ಶಬ್ದದ ಕಷ್ಟ. ಒಂದರ ಬೆನ್ನಿಗೇ ಇನ್ನೊಂದು, 8 ಆದ್ಮೇಲೆ 9 ಬರುವ ಹಾಗೆ ಅಂತ ಹೇಳಿಬಿಡಿ, ಅದಕ್ಕೆ ಮಕ್ಳು ಐದು ನಿಮಿಷ ಕಳೆಯುದು ಬೇಡ. ಅದೇ "ಒಂದು ಸಂಖ್ಯೆಯ ಮೂರು ಪಟ್ಟು ಇನ್ನೊಂದು ಸಂಖ್ಯೆಗಿಂತ 5 ಕಡಿಮೆ" ಅಂತ ಇದ್ರೆ ಅಲ್ಲಿ ಕಷ್ಟ ಇರುದು ಸಂಬಂಧದಲ್ಲಿ. ಯಾವ್ದು ದೊಡ್ಡದು, 5 ಯಾವ ಕಡೆ ಕೂಡ್ಬೇಕು ಅಂತ ತಲೆ ಓಡಿಸುದೇ ಬೀಜಗಣಿತ. ಅರ್ಧಕ್ಕರ್ಧ ಮಕ್ಳು "ಕಡಿಮೆ" ಶಬ್ದ ಕಂಡ ಕೂಡ್ಲೆ 3 ಎಕ್ಸ್ − 5 ಅಂತ ಬರೀತಾರೆ. ಬರೀಲಿ. ಅದನ್ನ ನೀವು ಬಿಡಿಸಿ ಹೇಳ್ಬೇಡಿ, ಎರಡು ನಿಜವಾದ ಸಂಖ್ಯೆ ಹಾಕಿ ನೋಡ್ಲಿಕ್ಕೆ ಹೇಳಿ.

ನಾನು ಮಾಡುವ ಒಂದು ಕೆಲಸ: ಪುಸ್ತಕ ಮುಚ್ಚಿಸಿ ಪ್ರಶ್ನೆಯನ್ನ ಪಕ್ಕದವರಿಗೆ ಮನೆಮಾತಲ್ಲಿ ಹೇಳ್ಲಿಕ್ಕೆ ಬಿಡುದು. ತುಳುವಲ್ಲಿ "ಏತ್" (ಎಷ್ಟು) ಅಂತ ಕೇಳುವಾಗ ಮಗುವಿನ ಮುಖ ಬೇರೆಯೇ ಆಗ್ತದೆ. ಎರಡು ನಿಮಿಷದ ಕೆಲಸ, ಅದ್ರ ನಂತ್ರ ಬರುವ ಮೂವತ್ತು ನಿಮಿಷ ಉಳೀತದೆ.

ಸ್ಟೆಪ್ 2: ತಿಣುಕುವ ಯೋಗ್ಯತೆ ಇರುವ ಲೆಕ್ಕ ಹುಡುಕಿ

ಎಲ್ಲಾ ಲೆಕ್ಕಕ್ಕೂ ಈ ಯೋಗ್ಯತೆ ಇಲ್ಲ. ಕ್ಲಾಸಿನ ಅತ್ಯಂತ ಹಿಂದಿರುವ ಮಗುವಿಗೂ ಏನಾದ್ರೂ ಒಂದು ಬರೆದು ಶುರು ಮಾಡ್ಲಿಕ್ಕೆ ಆಗ್ಬೇಕು, ಒಂದಕ್ಕಿಂತ ಹೆಚ್ಚು ದಾರಿ ಇರ್ಬೇಕು, ಮತ್ತೆ ಬೀಜಗಣಿತ ಇಲ್ದೆ ಮಾಡಿದ್ರೆ ಬೇಜಾರು ಬರುವಷ್ಟು ಉದ್ದ ಇರ್ಬೇಕು. ನನ್ನ ನೆಚ್ಚಿನ ಲೆಕ್ಕ ಸುರಂಗದ್ದು. ಬಾಯಾರು, ಎಣ್ಮಕಜೆ ಕಡೆಯವರಿಗೆ ವಿವರಿಸುದು ಬೇಡ. ಬೇರೆ ಊರಿನವರಿಗೆ ಹೇಳುದಾದ್ರೆ, ನೀರಿಗೋಸ್ಕರ ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆಯುವ, ಮನುಷ್ಯ ಬಗ್ಗಿ ಹೋಗುವಷ್ಟು ಸಣ್ಣ ಗುಹೆ ಅದು. ಕೊರೀತಾ ಹೋಗುದು ಕೋಲು ಅನ್ನುವ ಉದ್ದದ ಅಳತೆಯ ಲೆಕ್ಕದಲ್ಲಿ. ಲೆಕ್ಕ ಹೀಗೆ (ರೇಟು ನಾನು ಕ್ಲಾಸಿಗೋಸ್ಕರ ಮಾಡಿಕೊಂಡದ್ದು):

ಒಂದು ತಂಡ ಸಾಮಾನು ತರ್ಲಿಕ್ಕೆ ಮೊದ್ಲೇ 6000 ರೂಪಾಯಿ, ಮತ್ತೆ ಕೋಲಿಗೆ 800 ರೂಪಾಯಿ ಕೇಳ್ತದೆ. ಇನ್ನೊಂದು ತಂಡ ಮೊದ್ಲು ಏನೂ ಬೇಡ, ಕೋಲಿಗೆ 1200 ಕೊಡಿ ಅಂತದೆ. ಯಾವ ತಂಡಕ್ಕೆ ಕೆಲಸ ಕೊಡುದು?

ಇದ್ರಲ್ಲಿ ನನಗೆ ತುಂಬಾ ಇಷ್ಟ ಆಗುವ ಒಂದು ವಿಷಯ ಉಂಟು. "ಎಷ್ಟು ಕೋಲು ಟೀಚರ್?" ಅಂತ ಯಾರಾದ್ರೂ ಕೇಳಿಯೇ ಕೇಳ್ತಾರೆ. ನೀರು ಸಿಗುವವರೆಗೆ. ಎಷ್ಟು ಕೋಲಿಗೆ ಸಿಗ್ತದೆ ಅಂತ ಕೊರೆಯುವವನಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ. ಎಕ್ಸ್ ಅನ್ನುದು ಪುಸ್ತಕದವರು ಬಚ್ಚಿಟ್ಟ ಸಂಖ್ಯೆ ಅಂತ ಮಕ್ಳು ತಿಳ್ಕೊಂಡಿರ್ತಾರೆ. ಇಲ್ಲಿ ಯಾರೂ ಬಚ್ಚಿಟ್ಟದ್ದಲ್ಲ, ಅದು ನಿಜವಾಗಿಯೂ ಗೊತ್ತಿಲ್ಲದ್ದು, ಬದಲಾಗಬಹುದಾದದ್ದು, ಆದ್ರೂ ಅದ್ರ ಮೇಲೆ ನಾವು ತೀರ್ಮಾನ ತೆಗೀಬೇಕು.

ಕೋಲಿಗೆ "ಕ" ಅಂತ ಅಕ್ಷರ ಇಡ್ಬಹುದಲ್ಲ ಅಂತ ಅನ್ನಿಸ್ಬಹುದು, ನಾನೂ ಮೊದ್ಲು ಹಾಗೇ ಮಾಡ್ತಿದ್ದೆ. ಆಗ 800ಕ ಅಂದ್ರೆ "800 ಕೋಲು" ಅಂತ ಓದುವ ಮಕ್ಳು ಬಂದ್ರು. ಅಕ್ಷರ ನಿಂತದ್ದು ಕೋಲಿಗಲ್ಲ, ಕೋಲು ಎಷ್ಟು ಅನ್ನುವ ಸಂಖ್ಯೆಗೆ. ಹಾಗಾಗಿ ಶುರುವಿಗೆ ವಸ್ತುವಿನ ಮೊದಲ ಅಕ್ಷರ ಇಡ್ಬೇಡಿ.

ಸ್ಟೆಪ್ 3: ಹಿಂದಿನ ರಾತ್ರಿ ನೀವು ಮಕ್ಳ ಹಾಗೆ ಮಾಡಿ ನೋಡಿ

ಎರಡೂ ತಂಡಕ್ಕೆ ಸಮ ಆಗುದು 15 ಕೋಲಿಗೆ, ಆಗ ಎರಡಕ್ಕೂ 18000; ಅದಕ್ಕಿಂತ ಕಡಿಮೆ ಆದ್ರೆ ಎರಡನೇ ತಂಡ ಲಾಭ, ಹೆಚ್ಚಾದ್ರೆ ಒಂದನೇ ತಂಡ. ಅಷ್ಟು ಗೊತ್ತಿದ್ರೆ ಸಾಕಾಗುದಿಲ್ಲ. ಒಂಬತ್ತನೇ ಕ್ಲಾಸಿನ ಮಕ್ಳು ಯಾವ ಯಾವ ದಾರಿಯಲ್ಲಿ ಹೋದಾರು ಅಂತ ಮೊದ್ಲೇ ಬರೆದಿಟ್ಟುಕೊಳ್ಳಿ. ನನ್ನ ನೋಟ್ಸಲ್ಲಿ ಹೀಗುಂಟು: ಕೆಲವರು 5 ಕೋಲು, 10 ಕೋಲು, 15 ಕೋಲು ಅಂತ ಪಟ್ಟಿ ಮಾಡ್ತಾರೆ. ಕೆಲವರು ಕೋಲಿಗೆ 400 ವ್ಯತ್ಯಾಸ, 6000ದಲ್ಲಿ 400 ಎಷ್ಟು ಸಲ ಹೋಗ್ತದೆ ಅಂತ ಬಾಯಲ್ಲೇ ಹೇಳ್ತಾರೆ. ಒಂದಿಬ್ರು 6000 + 800 ಎಕ್ಸ್ = 1200 ಎಕ್ಸ್ ಅಂತ ಬರೀತಾರೆ. ಒಂದಷ್ಟು ಜನ 6000ಕ್ಕೂ 800ಕ್ಕೂ ಕೂಡಿಸಿ 6800 ಮಾಡ್ತಾರೆ. ಮತ್ತೆ ಸುಮ್ಮನೆ ಕೂತುಕೊಳ್ಳುವವರು. ಈ ಐದಕ್ಕೂ ನೀವು ಎಂತ ಕೇಳುದು ಅಂತ ಒಂದೊಂದು ಪ್ರಶ್ನೆ ಬರೆದಿಡಿ. ಕ್ಲಾಸಿನ ಗಡಿಬಿಡಿಯಲ್ಲಿ ಒಳ್ಳೆ ಪ್ರಶ್ನೆ ಹೊಳೆಯುದಿಲ್ಲ, ಬಾಯಿಗೆ ಬರುದು ಉತ್ತರವೇ.

ಸ್ಟೆಪ್ 4: ಲೆಕ್ಕ ಕೊಟ್ಟು ಸುಮ್ಮನಿರಿ

ಇಡೀ ಮಾರ್ಗದರ್ಶಿಯಲ್ಲಿ ಕಷ್ಟದ ಸ್ಟೆಪ್ ಇದು, ಮಕ್ಳಿಗಲ್ಲ, ನಮಗೆ. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುದು ಹೆಚ್ಚುಕಡಿಮೆ ಒಂದೇ ಸೆಕೆಂಡು ಅಂತ ಕಂಡುಬಂತು. ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೂ ಸಾಕು, ಮಕ್ಳ ಉತ್ತರ ಉದ್ದ ಆಗ್ತದೆ, ಬಾಯಿ ಬಿಡದವರೂ ಬಾಯಿ ಬಿಡ್ತಾರೆ. ಮೂರು ಸೆಕೆಂಡು ಎಷ್ಟು ಉದ್ದ ಅಂತ ಕ್ಲಾಸಲ್ಲಿ ನಿಂತು ಮನಸ್ಸಲ್ಲೇ ಎಣಿಸಿ ನೋಡಿ, ಗೊತ್ತಾಗ್ತದೆ.

40 ನಿಮಿಷದ ಪಿರಿಯಡ್ ಅಂತ ಇಟ್ಟುಕೊಂಡ್ರೆ ನಾನು ಹಂಚುದು ಹೀಗೆ: ಲೆಕ್ಕ ಅರ್ಥ ಮಾಡ್ಲಿಕ್ಕೆ 5 ನಿಮಿಷ, ಒಬ್ಬೊಬ್ರೇ ಮಾಡ್ಲಿಕ್ಕೆ 5, ಇಬ್ರಿಬ್ರು ಸೇರಿ 12, ಬೋರ್ಡಲ್ಲಿ ಮಕ್ಳ ಕೆಲಸ ಇಟ್ಟು ಮಾತಾಡ್ಲಿಕ್ಕೆ 13, ಉಳಿದ 5ರಲ್ಲಿ ಪ್ರತಿಯೊಬ್ರೂ ಪುಸ್ತಕದಲ್ಲಿ ಬರೀಬೇಕು. ಆ ಐದು ನಿಮಿಷ ಒಬ್ಬೊಬ್ರೇ ಮಾಡುದನ್ನ ಬಿಡ್ಬೇಡಿ. ಸೀದಾ ಗುಂಪು ಮಾಡಿಸಿದ್ರೆ ಗುಂಪಿನ ಹುಷಾರಿ ಒಬ್ಬ ಮಾಡ್ತಾನೆ, ಬಾಕಿಯವರು ಅವನ ಪೆನ್ನು ನೋಡ್ತಾ ಕೂತುಕೊಳ್ತಾರೆ. ರಬ್ಬರ್ ಉಪಯೋಗಿಸ್ಲಿಕ್ಕೂ ನಾನು ಬಿಡುದಿಲ್ಲ, ತಪ್ಪಿದ್ದಕ್ಕೆ ಒಂದು ಗೆರೆ ಎಳೆದು ಕೆಳಗೆ ಬರೀಲಿ. ಉಜ್ಜಿ ತೆಗೆದ್ರೆ ಆ ಮಗು ಹೇಗೆ ಯೋಚನೆ ಮಾಡಿತು ಅಂತ ನನಗೂ ಗೊತ್ತಾಗುದಿಲ್ಲ, ಅದಕ್ಕೂ ಮರ್ತುಹೋಗ್ತದೆ.

ಸ್ಟೆಪ್ 5: ಬೆಂಚುಗಳ ನಡುವೆ ನಡೀರಿ, ಯಾವ ತರದ ಸಿಕ್ಕು ಅಂತ ನೋಡಿ

ಹಿರೋಕೊ ವಾರ್ಷವರ್ ಅಂತ ಒಬ್ರು ಅಮೆರಿಕದ ಮಿಡ್ಲ್ ಸ್ಕೂಲ್ ಗಣಿತ ಕ್ಲಾಸುಗಳನ್ನ ಗಮನಿಸಿ 2015ರಲ್ಲಿ ಬರೆದದ್ದು ನನಗೆ ತುಂಬಾ ಸಹಾಯ ಆಯ್ತು. ಮಕ್ಳು ಸಿಕ್ಕಿಕೊಳ್ಳುದು ನಾಲ್ಕು ತರ ಅಂತಾರೆ ಅವರು: ಶುರು ಮಾಡ್ಲಿಕ್ಕೇ ಆಗದ್ದು, ಮಾಡ್ತಾ ಮಾಡ್ತಾ ನಡುವೆ ನಿಂತದ್ದು, ಉತ್ತರ ಬಂದ್ರೂ ಯಾಕೆ ಅಂತ ವಿವರಿಸ್ಲಿಕ್ಕೆ ಆಗದ್ದು, ಮತ್ತೆ ತಪ್ಪು ಕಲ್ಪನೆ ಇಟ್ಟುಕೊಂಡದ್ದು. ಟೀಚರ್ ಕೊಡುವ ಪ್ರತಿಕ್ರಿಯೆಯೂ ಸೀದಾ ಹೇಳಿಬಿಡುದರಿಂದ ಹಿಡಿದು ಮಗುವಿನದ್ದೇ ಯೋಚನೆಯನ್ನ ಮುಂದೆ ಹೋಗ್ಲಿಕ್ಕೆ ಬಿಡುದರವರೆಗೆ ನಾಲ್ಕು ತರ. ಸಿಕ್ಕು ಯಾವ್ದು ಅಂತ ನೋಡದೆ ಎಲ್ಲರಿಗೂ ಒಂದೇ ಔಷಧಿ ಕೊಟ್ರೆ ಹಿಡಿಯುದಿಲ್ಲ.

ಶುರು ಮಾಡದವರ ಹತ್ರ "5 ಕೋಲು ಕೊರೆದ್ರೆ ಒಂದನೇ ತಂಡಕ್ಕೆ ಎಷ್ಟು ಕೊಡ್ಬೇಕು?" ಅಂತ ಕೇಳಿ, ಕೇಳಿ ಅಲ್ಲಿಂದ ಹೋಗಿ. ಅಲ್ಲೇ ನಿಂತ್ರೆ ಅವರು ಲೆಕ್ಕ ನೋಡುದಿಲ್ಲ, ನಿಮ್ಮ ಮುಖ ನೋಡ್ತಾರೆ. ನಡುವೆ ನಿಂತವರ ಹತ್ರ "ಇಲ್ಲಿವರೆಗೆ ಎಂತ ಮಾಡಿದ್ದು ಅಂತ ನನಗೆ ಹೇಳು" ಅಂದ್ರೆ ಹೇಳ್ತಾ ಹೇಳ್ತಾ ಅರ್ಧ ಜನಕ್ಕೆ ತನ್ನಿಂದ ತಾನೇ ದಾರಿ ಕಾಣ್ತದೆ.

ತಪ್ಪು ಕಲ್ಪನೆಯವರದ್ದು ಮಾತ್ರ ಸೂಕ್ಷ್ಮ. ಒಂದು ಸಲದ್ದು ವಿವರವಾಗಿ ಹೇಳ್ತೇನೆ. ಹಿಂದಿನ ಬೆಂಚಿನ ಒಬ್ಬ ಹುಡುಗ 6000 + 800 ಎಕ್ಸ್ = 6800 ಎಕ್ಸ್ ಅಂತ ಬರೆದಿದ್ದ. ಬೀಜಗಣಿತದಲ್ಲಿ ಎಲ್ಲಾ ಕಡೆ ಕಾಣುವ ತಪ್ಪು, 3 ಎಕ್ಸ್ + 4 ಅಂದ್ರೆ 7 ಎಕ್ಸ್ ಅಂತ ಮಾಡುವ ಜಾತಿಯದ್ದು. ಕೂಡಿಸು ಚಿಹ್ನೆ ಕಂಡ್ರೆ ಕೂಡಿಸಿ ಮುಗಿಸ್ಬೇಕು ಅಂತ ಒಂದನೇ ಕ್ಲಾಸಿಂದ ಅಭ್ಯಾಸ ಆಗಿದೆ, 6000 + 800 ಎಕ್ಸ್ ಹಾಗೇ ಇರ್ಬಹುದು, ಅದೇ ಒಂದು ಉತ್ತರ ಅಂತ ಮನಸ್ಸು ಒಪ್ಪುದಿಲ್ಲ. ನಾನು ಬುದ್ಧಿವಂತಿಕೆಯಲ್ಲಿ "ಒಂದು ಕೋಲಿಗೆ ಹಾಕಿ ನೋಡು" ಅಂದೆ. ಅವನು ಹಾಕಿದ. 6000 + 800 ಅಂದ್ರೆ 6800. 6800 ಇಂಟು 1 ಅಂದ್ರೂ 6800. "ಸರಿ ಬಂತು ಟೀಚರ್!" ಎಕ್ಸಿನ ಜಾಗದಲ್ಲಿ 1 ಹಾಕಿದ್ರೆ ಈ ತಪ್ಪು ಯಾವಾಗ್ಲೂ ಸರಿಯಾಗಿಯೇ ಕಾಣ್ತದೆ. ಅವನ ತಪ್ಪಿಗೆ ನಾನೇ ಸೀಲು ಹೊಡೆದ ಹಾಗಾಯ್ತು.

ಆಗ ನಾನು ತಪ್ಪು ಅಂತ ಹೇಳ್ಲಿಲ್ಲ. "ಇನ್ನೊಂದು ಸಂಖ್ಯೆಗೂ ನೋಡುವನಾ" ಅಂದೆ. ಅವನು 2 ಹಾಕಿದ. ಒಂದು ಕಡೆ 7600, ಇನ್ನೊಂದು ಕಡೆ 13600. ತುಂಬಾ ಹೊತ್ತು ಎರಡನ್ನೂ ನೋಡಿದ. ಪೆನ್ಸಿಲಲ್ಲಿ 13600ದ ಅಡಿಗೆ ಎರಡು ಗೆರೆ ಎಳೆದ. ಮತ್ತೆ ಪಕ್ಕದವನಿಗೆ ತುಳುವಲ್ಲಿ ಹೇಳಿದ್ದು ನನಗೆ ಕೇಳಿತು: ಸಾಮಾನಿನ ದುಡ್ಡು ಎರಡು ಸಲ ಕೊಟ್ಟ ಹಾಗಾಯ್ತಲ್ಲ ಅಂತ. ಅಷ್ಟೇ ವಿಷಯ! 6800 ಎಕ್ಸ್ ಅಂದ್ರೆ ಪ್ರತಿ ಕೋಲಿಗೂ ಮತ್ತೆ ಮತ್ತೆ 6000 ಕೊಡುದು. ಅವನು ಆ ದಿನ ಹೇಳಿದ ಮಾತನ್ನ ನಾನು ಈಗ ಎಲ್ಲಾ ಕ್ಲಾಸಿಗೂ ಉಪಯೋಗಿಸ್ತೇನೆ. ಮತ್ತೆ ಪರೀಕ್ಷೆ ಮಾಡಿ ನೋಡ್ಲಿಕ್ಕೆ 1 ಮತ್ತು 0 ಕೊಡುದಿಲ್ಲ, 2, 3, 10 ಹೀಗೆ ಕೊಡ್ತೇನೆ.

ಬೇಗ ಮುಗಿಸಿದವರು ಗಲಾಟೆ ಶುರು ಮಾಡ್ತಾರಲ್ಲ, ಅವರಿಗೆ ಇದು ಕೊಡಿ: ಮೂರನೇ ತಂಡದ ರೇಟು ನೀವೇ ಮಾಡಿ, ಅದೂ 15 ಕೋಲಿಗೇ ಸಮ ಆಗ್ಬೇಕು. 3000 ಮುಂಗಡ ಮತ್ತೆ ಕೋಲಿಗೆ 1000, ಅಥವಾ 4500 ಮತ್ತೆ 900, ಹೀಗೆ ತುಂಬಾ ಸಿಗ್ತದೆ. ಕೋಲಿಗೆ 1300 ಇಟ್ಟ ಒಬ್ಳಿಗೆ ಮುಂಗಡ ಮೈನಸ್ 1500 ಬಂತು. ತಪ್ಪು ಅಂತ ಕಾಟು ಹೊಡೀಲಿಕ್ಕೆ ಹೊರಟವಳು ನಿಂತಳು, ತಂಡದವರೇ ನಮಗೆ 1500 ಕೊಟ್ಟು ಕೆಲಸ ಶುರು ಮಾಡುದು ಅಂತ ಅರ್ಥ ಹೇಳಿದಳು. ಋಣ ಸಂಖ್ಯೆಗೆ ಇದಕ್ಕಿಂತ ಒಳ್ಳೆ ವಿವರಣೆ ನಾನು ಕೊಟ್ಟದ್ದಿಲ್ಲ.

ಸ್ಟೆಪ್ 6: ಬೋರ್ಡಿಗೆ ಯಾರದ್ದು ಮೊದ್ಲು

ಸರಿ ಮಾಡಿದವರನ್ನೇ ಮೊದ್ಲು ಕರೆದ್ರೆ ಕತೆ ಅಲ್ಲಿಗೇ ಮುಗೀತು, ಬಾಕಿಯವರು ಕಾಪಿ ಮಾಡ್ಲಿಕ್ಕೆ ಶುರು. ನಾನು ಪಟ್ಟಿ ಮಾಡಿದವರನ್ನ ಮೊದ್ಲು ಕರೀತೇನೆ, ಯಾಕಂದ್ರೆ ಅದು ಎಲ್ಲರಿಗೂ ಅರ್ಥ ಆಗ್ತದೆ. 5 ಕೋಲಿಗೆ 10000 ಮತ್ತು 6000, 10ಕ್ಕೆ 14000 ಮತ್ತು 12000, 15ಕ್ಕೆ ಎರಡೂ 18000. ಮತ್ತೆ 400ರ ಲೆಕ್ಕದವರು. ಕೊನೆಗೆ ಸಮೀಕರಣ. ಆಮೇಲೆ ಕೇಳುವ ಪ್ರಶ್ನೆಯೇ ಮುಖ್ಯ: "ಪಟ್ಟಿಯಲ್ಲಿ ಆ 400 ಎಲ್ಲುಂಟು? ಸಮೀಕರಣದಲ್ಲಿ ಎಲ್ಲುಂಟು?" ಪಟ್ಟಿಯಲ್ಲಿ ವ್ಯತ್ಯಾಸ 4000, 2000, 0 ಅಂತ ಐದೈದು ಕೋಲಿಗೆ 2000, ಅಂದ್ರೆ ಕೋಲಿಗೆ 400, ಇಳಿಯುದು ಯಾರಿಗಾದ್ರೂ ಕಾಣ್ತದೆ. ಸಮೀಕರಣದಲ್ಲಿ ಎರಡೂ ಕಡೆಯಿಂದ 800 ಎಕ್ಸ್ ತೆಗೆದ್ರೆ 6000 = 400 ಎಕ್ಸ್. "ಆಚೆ ಹೋಯ್ತು" ಅಂತ ಈಗ ಯಾರೂ ಹೇಳುದಿಲ್ಲ, ಯಾವ್ದೂ ಎಲ್ಲಿಗೂ ಹೋಗ್ಲಿಲ್ಲ, ಎರಡೂ ತಂಡಕ್ಕೆ ಕೊಡುವ ಸಮಾನ ಭಾಗ ಬಿಟ್ಟು ನೋಡಿದ್ದು ಅಷ್ಟೇ.

ಇಷ್ಟಾದ ಮೇಲೆ ನೀವು ಪಾಠ ಮಾಡ್ಲೇಬೇಕು, ಗಟ್ಟಿಯಾಗಿ, ಸ್ಪಷ್ಟವಾಗಿ. ಮಕ್ಳೇ ಎಲ್ಲಾ ಕಂಡುಹಿಡೀಲಿ ಅಂತ ಬಿಟ್ಟುಬಿಡುವ ಟೀಚರುಗಳನ್ನ ಕಂಡಿದ್ದೇನೆ, ಅದು ಮಕ್ಳಿಗೆ ಮಾಡುವ ಮೋಸ. ಮನು ಕಪೂರ್ ಅನ್ನುವ ಸಂಶೋಧಕರು ಸಿಂಗಾಪುರದ ಶಾಲೆಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ, ಮೊದ್ಲು ಲೆಕ್ಕದ ಜೊತೆ ಗುದ್ದಾಡಿ ಆಮೇಲೆ ಪಾಠ ಕೇಳಿದ ಮಕ್ಳು, ಮೊದ್ಲೇ ಪಾಠ ಕೇಳಿದ ಮಕ್ಳಿಗಿಂತ ವಿಷಯವನ್ನ ಚೆನ್ನಾಗಿ ಅರ್ಥ ಮಾಡಿಕೊಂಡ್ರು, ಸೂತ್ರ ಹಾಕಿ ಮಾಡುವ ಲೆಕ್ಕದಲ್ಲಿ ಹಿಂದೆ ಬೀಳಲೂ ಇಲ್ಲ. ಗಮನಿಸಿ, ಆ ಮಕ್ಳು ಎಷ್ಟೋ ಸಲ ಸರಿ ಉತ್ತರಕ್ಕೆ ಮುಟ್ಟಿರ್ಲೇ ಇಲ್ಲ, ಆದ್ರೂ ಪಾಠ ಅವರಿಗೆ ಹೆಚ್ಚು ಹಿಡಿಯಿತು. ಆ ಪಾಠ ಕೊಡದೆ ಬಿಟ್ಟಿದ್ರೆ ಕತೆ ಬೇರೆ.

ಸ್ಟೆಪ್ 7: ಯಾವಾಗ ತಿಣುಕಿಸ್ಬಾರ್ದು

ಚಿಹ್ನೆ, ಬರೆಯುವ ಕ್ರಮ, ಹೆಸರು, ಇದಕ್ಕೆಲ್ಲ ಮಕ್ಳನ್ನ ಕಾಯಿಸ್ಬೇಡಿ. ವರ್ಗಮೂಲದ ಚಿಹ್ನೆಯನ್ನ ಯೋಚನೆ ಮಾಡಿ ಯಾರೂ ಕಂಡುಹಿಡಿಯುದಿಲ್ಲ. ಹಾಗೇ ಹೊಸ ಕ್ರಮ ಕಲಿಯುವ ಮೊದಲ ದಿನಗಳಲ್ಲಿ ಪೂರ್ತಿ ಮಾಡಿದ ಉದಾಹರಣೆ ಓದುದೇ ಒಳ್ಳೇದು. 1985ರಲ್ಲೇ ಸ್ವೆಲರ್ ಮತ್ತು ಕೂಪರ್ ಅನ್ನುವ ಸಂಶೋಧಕರು ಬೀಜಗಣಿತದ ಲೆಕ್ಕಗಳಲ್ಲೇ ಇದನ್ನ ತೋರಿಸಿದ್ದಾರೆ, ಹೊಸಬರು ಬಿಡಿಸಿಟ್ಟ ಉದಾಹರಣೆ ನೋಡಿ ಕಲಿತದ್ದು ಬರೇ ಲೆಕ್ಕ ಮಾಡಿ ಮಾಡಿ ಕಲಿತದ್ದಕ್ಕಿಂತ ಬೇಗ. ಇದು ಮೇಲೆ ಹೇಳಿದ್ದಕ್ಕೆ ವಿರೋಧ ಅಂತ ಕೆಲವರು ಜಗಳ ಮಾಡ್ತಾರೆ. ನನಗೆ ಹಾಗೆ ಕಾಣುದಿಲ್ಲ. ವಿಚಾರಕ್ಕೆ ತಿಣುಕಾಟ, ಕ್ರಮಕ್ಕೆ ಉದಾಹರಣೆ. ಉದಾಹರಣೆ ಕೊಟ್ಟಾಗ್ಲೂ ನಾನು ಪ್ರತಿ ಗೆರೆಯ ಪಕ್ಕ "ಇದು ಯಾಕೆ" ಅಂತ ಮಕ್ಳೇ ಬರೆಯುವ ಹಾಗೆ ಜಾಗ ಬಿಡ್ತೇನೆ.

ತಿಣುಕಾಟ ಕೆಡುದು ಯಾವಾಗ ಅಂತ ಮುಖ ನೋಡಿದ್ರೆ ಗೊತ್ತಾಗ್ತದೆ. ಪೆನ್ಸಿಲ್ ಓಡ್ತಾ ಉಂಟು, ಬೈತಾ ಇದ್ದಾರೆ, ಪಕ್ಕದವರ ಜೊತೆ ವಾದ ಮಾಡ್ತಾ ಇದ್ದಾರೆ ಅಂದ್ರೆ ಒಳ್ಳೆ ತಿಣುಕಾಟ. ಪುಸ್ತಕದ ಮೂಲೆಯಲ್ಲಿ ಹೂ ಬಿಡಿಸ್ತಾ ಇದ್ದಾರೆ, ಅಥವಾ ಸಿಕ್ಕಿದ ಸಂಖ್ಯೆಗಳನ್ನೆಲ್ಲ ಗುಣಿಸ್ತಾ ಇದ್ದಾರೆ ಅಂದ್ರೆ ಕೂಡ್ಲೆ ಕೈ ಹಾಕಿ, ಆದ್ರೆ ಪೆನ್ನು ನೀವು ತಗೊಳ್ಬೇಡಿ.

ಸ್ಟೆಪ್ 8: ಮಾಮೂಲಿ ತಪ್ಪುಗಳಿಗೆ ಜಾಗ ಮಾಡಿಡಿ

ಕೆಲವು ತಪ್ಪು ವರ್ಷ ವರ್ಷ ಬರ್ತದೆ, ಅದನ್ನ ಪಾಠಕ್ಕೇ ಸೇರಿಸಿಬಿಡುದು ಒಳ್ಳೇದು. (ಎಕ್ಸ್ + 2) ರ ವರ್ಗ ಅಂದ್ರೆ ಎಕ್ಸ್ ವರ್ಗ + 4 ಅನ್ನುದು ಒಂದು. ನಾನು ಅಡಿಕೆ ಒಣಗಿಸುವ ಅಂಗಳ ಬಿಡಿಸ್ಲಿಕ್ಕೆ ಹೇಳ್ತೇನೆ, 10 ಮೀಟರ್ ಚೌಕದ ಅಂಗಳವನ್ನ ಉದ್ದಕ್ಕೂ ಅಗಲಕ್ಕೂ 2 ಮೀಟರ್ ದೊಡ್ಡ ಮಾಡಿದ್ರೆ 12 ಇಂಟು 12, ಅಂದ್ರೆ 144. ಅವರ ಸೂತ್ರದಲ್ಲಿ 104. ಉಳಿದ 40 ಚದರ ಮೀಟರ್ ಎಲ್ಲಿ ಹೋಯ್ತು ಅಂತ ಚಿತ್ರದಲ್ಲೇ ಹುಡುಕ್ಲಿ. 10ಕ್ಕೆ 2ರ ಎರಡು ಪಟ್ಟಿ ಸಿಗುವಾಗ (ಎ + ಬಿ) ವರ್ಗದ ಸೂತ್ರದಲ್ಲಿ ಆ ಎರಡು ಎಬಿ ಯಾಕೆ ಬರುದು ಅಂತ ಇನ್ನು ಬಾಯಿಪಾಠ ಬೇಡ.

ಸಮ ಚಿಹ್ನೆಯದ್ದು ಇನ್ನೊಂದು. 8 + 4 = ಖಾಲಿ ಚೌಕ + 5 ಅಂತ ಕೊಟ್ಟು ನೋಡಿ, ಹೈಸ್ಕೂಲಲ್ಲೂ ಚೌಕದಲ್ಲಿ 12 ಬರೆಯುವವರು ಸಿಗ್ತಾರೆ. ಸಮ ಚಿಹ್ನೆ ಅಂದ್ರೆ "ಇಲ್ಲಿ ಉತ್ತರ ಬರಿ" ಅಂತ ಅವರ ಲೆಕ್ಕ. ಆ ಎಕ್ಸ್ = 9ರ ಹುಡುಗಿಗೂ ಬೇರು ಇಲ್ಲೇ ಇದ್ದದ್ದು. ಮೂರು ಸಮ ಚೀಲ ಅಡಿಕೆ ಸೇರಿ 12 ಕಿಲೋ, ಒಂದು ಚೀಲ 9 ಕಿಲೋ ಆದ್ರೆ ತಕ್ಕಡಿ ಎಂತ ಹೇಳ್ತದೆ ಅಂತ ಕೇಳಿದೆ. 27 ಅಂತ ಅವಳೇ ಹೇಳಿ, ಅವಳೇ ಒರೆಸಿ, 4 ಬರೆದಳು.

ಸ್ಟೆಪ್ 9: ಮನೆ, ಟ್ಯೂಷನ್, ಪರೀಕ್ಷೆ

ಮನೆಯಲ್ಲಿ ಹೇಳಿಕೊಡ್ಲಿಕ್ಕೆ ನಮಗೆ ಗೊತ್ತಿಲ್ಲ ಅಂತ ಬೀಡಿ ಕಟ್ಟುವ ಅಮ್ಮಂದಿರು ಬೇಜಾರು ಮಾಡ್ತಾರೆ. ಗೊತ್ತಿರ್ಬೇಕಂತ ಇಲ್ಲ. "ಪ್ರಶ್ನೆಯಲ್ಲಿ ಎಂತ ಕೇಳಿದ್ದು, ನನಗೆ ಹೇಳು", "ನೀನು ಎಲ್ಲಿ ನಿಂತದ್ದು" ಅಂತ ಎರಡು ಮಾತು ಕೇಳಿದ್ರೆ ಸಾಕು, ಮನೆಮಾತಲ್ಲೇ ಕೇಳಿ. ಗೈಡ್ ನೋಡಿ ಪೂರ್ತಿ ಮಾಡಿಕೊಂಡು ಬಂದ ಹೋಮ್‌ವರ್ಕಿಗಿಂತ "ಇಲ್ಲಿಗೆ ನಿಂತಿತು ಟೀಚರ್" ಅಂತ ಅರ್ಧಕ್ಕೆ ಗೆರೆ ಎಳೆದು ಬಂದ ಹೋಮ್‌ವರ್ಕಿಗೆ ನಾನು ಹೆಚ್ಚು ಬೆಲೆ ಕೊಡ್ತೇನೆ, ಮಕ್ಳಿಗೂ ಅದು ಗೊತ್ತುಂಟು. ಟ್ಯೂಷನಿನವರಲ್ಲಿ ನನ್ನ ಕೋರಿಕೆ ಒಂದೇ, ಶಾಲೆಯಲ್ಲಿ ನಾಳೆ ಬರುವ ಲೆಕ್ಕವನ್ನ ಇವತ್ತೇ ಬಿಡಿಸಿ ಕೊಡ್ಬೇಡಿ. ಆ ಮಗುವಿಗೆ ಯೋಚನೆ ಮಾಡುವ ಒಂದು ದಿನ ಹೋಗ್ತದೆ.

ಹೀಗೆಲ್ಲ ಮಾಡಿದ್ರೆ ಪೋರ್ಷನ್ ಮುಗೀತದಾ ಅಂತ ಎಲ್ಲರೂ ಕೇಳ್ತಾರೆ. ದಿನವೂ ಮಾಡಿದ್ರೆ ಮುಗಿಯುದಿಲ್ಲ. ನಾನು ಒಂದು ಅಧ್ಯಾಯಕ್ಕೆ ಎರಡು ಇಂಥ ಲೆಕ್ಕ ಇಟ್ಟುಕೊಳ್ತೇನೆ, ಒಂದು ಶುರುವಿಗೆ, ಒಂದು ಮುಗಿಯುವ ಹೊತ್ತಿಗೆ. ಮೊದಲ ವರ್ಷ ಹಿಂದೆ ಬಿದ್ದೆ, ಎರಡನೇ ವರ್ಷ ರಿವಿಷನಿಗೆ ಬೇಕಾದ ದಿನ ಕಡಿಮೆ ಆಗಿ ಸರಿಹೋಯ್ತು.

ಕೇರಳದ ಎಸ್ಸೆಸ್ಸೆಲ್ಸಿ ಗಣಿತ ಪೇಪರ್ 80 ಮಾರ್ಕಿಂದು, ಎರಡೂವರೆ ಗಂಟೆ, ಅದಕ್ಕೆ ಮೊದ್ಲು 15 ನಿಮಿಷ ಕೂಲ್ ಆಫ್ ಟೈಮ್. ಆ 15 ನಿಮಿಷ ಬರೀಲಿಕ್ಕಿಲ್ಲ, ಓದ್ಲಿಕ್ಕೆ ಮಾತ್ರ. ಅಲ್ಲಿ ಮಕ್ಳು ಹೆದರಿ ಹೆದರಿ ಕಿಟಕಿ ನೋಡ್ತಾ ಕೂತುಕೊಳ್ಳುದು ನೋಡಿದ್ರೆ ಸಂಕಟ ಆಗ್ತದೆ, ಏನೂ ಬರೀದೆ ಲೆಕ್ಕದ ಎದುರು ಕೂತು ಅವರಿಗೆ ಅಭ್ಯಾಸವೇ ಇಲ್ಲ. ಹಾಗಾಗಿ ಜನವರಿಯಿಂದ ನಾನು ವಾರಕ್ಕೊಂದು ದಿನ ಹಳೇ ಪೇಪರ್ ಒಂದು ಕೊಟ್ಟು ಪೆನ್ನೆಲ್ಲ ಡೆಸ್ಕಿನ ಒಳಗೆ ಹಾಕಿಸ್ತೇನೆ. 15 ನಿಮಿಷ ಓದಿ. ಪ್ರತಿ ಪ್ರಶ್ನೆಗೂ ಶುರು ಎಲ್ಲಿಂದ ಅಂತ ಮನಸ್ಸಲ್ಲೇ ನೋಡಿ, ಶುರು ಸಿಗದ್ದು ಯಾವ್ದು ಅಂತ ನೆನಪಿಟ್ಟುಕೊಳ್ಳಿ. 15 ನಿಮಿಷ ಆದ ಮೇಲೆ ಪೆನ್ನು ತೆಗೆಸಿ ನಾನು ಕೇಳುದು ಉತ್ತರ ಅಲ್ಲ, ಶುರು ಸಿಗದ ಪ್ರಶ್ನೆಗಳ ನಂಬರ್. ಮೊದಲ ವಾರ ಯಾರೂ ಕೈ ಎತ್ತುದಿಲ್ಲ. ಮೂರನೇ ವಾರಕ್ಕೆ ಬರುವಾಗ ಹಿಂದಿನ ಬೆಂಚಿಂದ ಶುರುವಾಗ್ತದೆ, "ಟೀಚರ್, 14, 19, 22", ಮತ್ತೆ ಮುಂದಿನ ಬೆಂಚಿಂದ ಯಾರಾದ್ರೂ ತಿರುಗಿ "19ಕ್ಕೆ ಮೊದ್ಲು ಒಂದು ಚಿತ್ರ ಬಿಡಿಸಿ ನೋಡು" ಅಂತಾರೆ.